ನಾಲ್ಕು ಬಟ್ಟಲು ನಿಂಬೆ ಮಂಜು

ಕೊಲಂಬಿಯಾ, ಮೇರಿಲ್ಯಾಂಡ್
ಭಾನುವಾರ, ೧೨ ಅಕ್ಟೋಬರ್ ೧೯೯೭

ಪ್ರೀತಿಯ ರೇಣುಕಾ,

ಮೊದಲು ನನಗೆ ಚೆನ್ನಾಗಿ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ನಿಮ್ಮೂರು ಏಪೆಕ್ಸಿನಿಂದ ನೀನು ಬರೆದ ಮೂರು ಕಾಗದಗಳೂ ನನ್ನ ಡ್ರಾಯರಿನಲ್ಲಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಹೋದ ವಾರ ನೀನು ಫೋನಿನಲ್ಲಿ ಕೇಳಿದೆ, "ಇವ್ರು ಹೋಗಿ ಹದಿನೈದು ತಿಂಗಳಾಯ್ತು, ನೀನು ಒಂದ್ಸಲಾನೂ ಈ ಕಡೆ ತಲೆ ಹಾಕ್ಲಿಲ್ಲ. ನಾನೇನ್ ತಪ್ಪು ಮಾಡ್ದೆ ಹೇಳೇ, ಊರ್ಮಿಳಾ?" ಸ್ಟೋವ್ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಹಾಲೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ನೀನು ಪ್ರತಿ ಕಾಗದದಲ್ಲೂ ಅದೇ ಪ್ರಶ್ನೆ ಬರೆಯುತ್ತೀಯ: "ನಾನು ಮಗಳು ನಿಧಿಯ ಬಾಣಂತನಕ್ಕೆ ಅಟ್ಲಾಂಟಾದಲ್ಲಿದ್ದೆ ಸರಿ, ಎದೆನೋವು ಬಂದಾಗ ಇವರು ಯಾರಿಗಾದರೂ ಒಂದು ಫೋನ್ ಮಾಡಬಾರದಿತ್ತೇ?" ಅಲ್ಲಿಗೆ ಬಂದ ಕೂಡಲೇ ನಾನು ಡ್ರಾಯರ್ ಮುಚ್ಚಿಬಿಡುತ್ತೇನೆ. ಯಾಕೆ ಎಂದು ಈ ಕಾಗದದಲ್ಲಿ ಹೇಳದೆ ಬಿಡುವುದಿಲ್ಲ. ಓದಿದ ಮೇಲೂ ನಾನು ನಿನ್ನ ಗೆಳತಿಯೋ ಅಲ್ಲವೋ ನೀನೇ ತೀರ್ಮಾನ ಮಾಡು. ಅದಕ್ಕೆ ಮೊದಲು ಸಿರಕೂಸಾದ ಕಥೆ ಕೇಳು. ಆ ದಿನದಲ್ಲಿ ನಿನಗೂ ಪಾಲಿದೆ.

ಹೌದು ಮಾರಾಯ್ತಿ, ಹೋಗಿ ಬಂದೆವು! ನಿನ್ನ ದತ್ತಾತ್ರೇಯ ಹತ್ತು ವರ್ಷ ಜಪ ಮಾಡಿದ ಊರು. "ಆರ್ಕಿಮಿಡೀಸ್ ಊರಲ್ಲಿ ಒಂದ್ಸಲ ಸ್ನಾನ ಮಾಡ್ಬೇಕು ಕಣ್ರೀ, ಜೀವಮಾನ ಪೂರ್ತಿ ಫಿಸಿಕ್ಸ್ ಮಾಡಿ ಅಷ್ಟೂ ಮಾಡ್ದಿದ್ರೆ ಹೇಗೆ" ಎನ್ನುತ್ತಿದ್ದರಲ್ಲ. ನಾವು ನಾಲ್ವರೂ ಹೋಗುವುದಕ್ಕೆಂದು ಅವರು ಹಳದಿ ಕಾಗದದಲ್ಲಿ ಕನ್ನಡದಲ್ಲೇ ಬರೆದುಕೊಟ್ಟ ಒಂದು ದಿನದ ಪ್ರೋಗ್ರಾಂ ನಮ್ಮ ಫ್ರಿಜ್ಜಿನ ಮೇಲೇ ಇತ್ತು. ಆಗಸ್ಟಿನಲ್ಲಿ ನನ್ನ ಗೋಪಿ ಒಂದು ಬೆಳಿಗ್ಗೆ ಅದನ್ನು ಕಿತ್ತು ಜೇಬಿಗಿಟ್ಟುಕೊಂಡು, "ಟಿಕೆಟ್ ಬುಕ್ ಮಾಡ್ತೀನಿ" ಎಂದರು. ಗಣೇಶನ ಹಬ್ಬದ ಪಾಟ್‌ಲಕ್ ಊಟದಲ್ಲಿ ಹೇಳಿದರೆ ರಾಮಲಿಂಗಪ್ಪನವರು, "ಸಿರಕ್ಯೂಸಾ? ಅಲ್ಲೇನಿದೆ ಸ್ವಾಮಿ, ಸ್ನೋ ಬಿಟ್ರೆ?" ಎಂದು ನ್ಯೂಯಾರ್ಕಿನ ಸಿರಕ್ಯೂಸ್ ಊರನ್ನೇ ಹಿಡಿದು ಕೂತರು. ಇದು ಇಟಲಿಯ ಕೆಳಗಿನ ಸಿಸಿಲಿಯಲ್ಲಿದೆ ಎಂದು ಒಪ್ಪಿಸುವಷ್ಟರಲ್ಲಿ ಬಿಸಿಬೇಳೆಬಾತ್ ತಣ್ಣಗಾಗಿತ್ತು.

ಹಳೆಯ ಊರು ಒಂದು ಪುಟ್ಟ ದ್ವೀಪ. ಸೇತುವೆ ದಾಟಿದರೆ ಬಂತು. ಗೋಪಿಯ ವಿಷಯ ನಿನಗೆ ಗೊತ್ತಲ್ಲ, ಇಂಡಿಯಾದಿಂದ ಬಂದ ನೆಂಟರಿಗೆಲ್ಲ ಇಪ್ಪತ್ತೈದು ವರ್ಷ ಲಿಂಕನ್ ಮೆಮೋರಿಯಲ್ ತೋರಿಸಿ ತೋರಿಸಿ, ಯಾವ ಊರಿಗೆ ಹೋದರೂ ಅವರು ಗೈಡೇ. ಹಿಂದಕ್ಕೆ ಹೆಜ್ಜೆ ಹಾಕುತ್ತ, ಜೋರು ದನಿಯಲ್ಲಿ ವಿವರಿಸುತ್ತ, ಪ್ರತಿ ತಿರುವಿನಲ್ಲೂ ನಿಂತು, "ಎಲ್ರೂ ಬಂದ್ರಾ?" ಇದ್ದವಳು ನಾನೊಬ್ಬಳೇ. "ಎಲ್ರೂ ಬಂದಿದೀನಿ, ನಡೀರಿ" ಎಂದೆ.

ಮಾರ್ಕೆಟ್ಟಿನಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಟೊಮೇಟೊ, ಬದನೆಕಾಯಿ ಎಲ್ಲ ಮುಟ್ಟಿ ನೋಡಿದೆ. ಆ ಬದನೆಕಾಯಿ ನೋಡಿದರೆ ನೀನು ಅಲ್ಲೇ ಎಣ್ಣೆಗಾಯಿ ಮಾಡಲು ಕೂರುತ್ತಿದ್ದೆ! ಚರ್ಚಿನೊಳಗೆ ಹೋದೆವು. ಅದು ಮೊದಲು ಗ್ರೀಕರ ದೇವಸ್ಥಾನವಂತೆ, ಹಳೆಯ ಕಂಬಗಳನ್ನು ಕೆಡವದೆ ನಡುವೆ ಗೋಡೆ ಎಬ್ಬಿಸಿದ್ದಾರೆ. ನಾನು ಅಭ್ಯಾಸಬಲದಿಂದ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಬಾಗಿಲು ಕಾಯುವ ಮುದುಕ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನನ್ನ ಹಿಂದೆಯೇ ಬಂದ. ನಾಚಿಕೆಯಾಗಿ ನಗು ತಡೆಯಲಾಗಲಿಲ್ಲ.

ಬಿಸಿಲೇರಿದ ಮೇಲೆ ಚೌಕದಲ್ಲಿ ಒಂದು ಹೋಟೆಲಿನ ನೆರಳಿಗೆ ಕೂತೆವು. ನಿಂಬೆರಸವನ್ನು ಹೆಪ್ಪುಗಟ್ಟಿಸಿ ಹೆರೆದು ಬಟ್ಟಲಲ್ಲಿ ಕೊಡುತ್ತಾರೆ. ಗೋಪಿ ಎಂದಿನಂತೆ ಯೋಚಿಸದೆ ನಾಲ್ಕು ಬೆರಳು ಎತ್ತಿದರು. ನಾನೂ ಗಮನಿಸಲಿಲ್ಲ ಕಣೇ! ಹದಿನೆಂಟು ವರ್ಷ ನಾವು ನಾಲ್ವರು ಎಲ್ಲಿಗೆ ಹೋದರೂ ಆರ್ಡರ್ ಮಾಡುವುದು ಅವರ ಕೆಲಸ, ಬಂದದ್ದರಲ್ಲಿ ತಪ್ಪು ಹುಡುಕುವುದು ದತ್ತಾತ್ರೇಯರ ಕೆಲಸ. ನಾಲ್ಕು ಬಟ್ಟಲು ಬಂದು ಮೇಜಿನ ಮೇಲೆ ಕೂತವು. ಗೋಪಿ ಅವನ್ನೇ ನೋಡುತ್ತ ಕೂತರು. ಆಮೇಲೆ ಥೇಟ್ ದತ್ತಾತ್ರೇಯರ ದನಿಯಲ್ಲಿ, "ಉಪ್ಪು ಒಂಚೂರು ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದುಬಿಟ್ಟರು. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಪಕ್ಕದ ಮೇಜಿನಲ್ಲಿ ಕಪ್ಪು ಬಟ್ಟೆಯ ಇಬ್ಬರು ಅಜ್ಜಿಯರಿದ್ದರು, ಮಿಕ್ಕ ಎರಡನ್ನು ಅವರಿಗೆ ಕೊಟ್ಟೆವು. ಅವರು ಕುರ್ಚಿಯನ್ನೇ ನಮ್ಮ ಮೇಜಿಗೆ ಎಳೆದುಕೊಂಡರು. ನಾನು ಚೀಲದಿಂದ ಚಟ್ನಿಪುಡಿ ತೆಗೆದೆ, ಅವರು ಬ್ರೆಡ್ಡು ಮತ್ತು ಎಣ್ಣೆ ತರಿಸಿದರು. ಒಬ್ಬಾಕೆ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಚಮಚ ಕೇಳಿದಳು. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು, ಆದರೂ ಒಂದು ಗಂಟೆ ಮಾತಾಡಿದೆವು.

ಪ್ರೋಗ್ರಾಮಿನಲ್ಲಿ "ಮಧ್ಯಾಹ್ನ ಮೂರು, ಸ್ನಾನ, ಕಡ್ಡಾಯ" ಎಂದಿತ್ತು. ಹೋಟೆಲಿನ ಟಬ್ಬಿನಲ್ಲಿ ಮುಗಿಸುತ್ತೇನೆ ಎಂದೆ. ಗೋಪಿ ಕೇಳಬೇಕಲ್ಲ! "ಅವನು ಒಪ್ತಿರ್ಲಿಲ್ಲ" ಎಂದು ಪ್ಯಾಂಟು ಮಡಚಿ ಬಂಡೆಗಳ ಮೇಲಿಂದ ಸಮುದ್ರಕ್ಕೆ ಇಳಿದರು. ಐವತ್ತಾರರಲ್ಲಿ ನಾನೂ ಸಲ್ವಾರಿನಲ್ಲೇ ಸೊಂಟದವರೆಗೆ ಇಳಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ನನ್ನ ಕಾಲುಂಗುರ ಕಾಣುತ್ತಿತ್ತು. ಈ ಮನುಷ್ಯ ಕತ್ತಿನ ತನಕ ಮುಳುಗಿ, "ಯುರೇಕಾ! ದತ್ತೂ, ಯುರೇಕಾ ಕಣೋ!" ಎಂದು ಕೂಗಿದರು ನೋಡು, ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ?

ಕೊನೆಯ ಸಾಲು: "ಸಂಜೆ ಆರು, ಸಿಹಿನೀರಿನ ಬುಗ್ಗೆ. ಇಲ್ಲಿ ಹೆಂಗಸರು ಮಾತಾಡಲಿ, ಗಂಡಸರು ಬಾಯಿ ಮುಚ್ಚಿಕೊಂಡಿರಲಿ." ಸಮುದ್ರದ ಪಕ್ಕದಲ್ಲೇ ಸಿಹಿನೀರು ಉಕ್ಕುವ ಕೊಳ, ಅದರಲ್ಲಿ ಜೊಂಡು, ಬಾತುಕೋಳಿಗಳು. ಕಟ್ಟೆಯ ಮೇಲೆ ಕೂತೆವು. "ಪ್ರೋಗ್ರಾಂ ಪ್ರಕಾರ ಈಗ ನಿನ್ನ ಟರ್ನ್" ಎಂದು ಗೋಪಿ ತಮಾಷೆ ಮಾಡಿದರು. ನಾನು ಹದಿನೈದು ತಿಂಗಳಿಂದ ನುಂಗಿಕೊಂಡಿದ್ದನ್ನು ಹೇಳಿದೆ. ಅವರು ನಿಜವಾಗಿಯೂ ಬಾಯಿ ಮುಚ್ಚಿಕೊಂಡೇ ಕೇಳಿದರು. ಕೊನೆಗೆ, "ನನಗೆ ಹೇಳಿದ್ರೆ ಮುಗೀಲಿಲ್ಲ ಊರ್ಮಿಳಾ. ರೇಣುಕಾಗೆ ಹೇಳ್ಬೇಕು" ಎಂದು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ಬೀದಿಯಲ್ಲಿ ಕೈ ಹಿಡಿದದ್ದು ಅದೇ ಮೊದಲು. ಹಾಗೇ ಹಿಡಿದುಕೊಂಡೇ ರೂಮಿಗೆ ಬಂದೆವು.

ಬರುವಾಗ ನಿಂಬೆಹಣ್ಣಿನ ಚಿತ್ರವಿರುವ ಬಟ್ಟಲುಗಳನ್ನು ತಂದಿದ್ದೇನೆ. ಎಷ್ಟೆಂದು ಕೇಳಬೇಡ. ಎರಡು ನಿನ್ನವು.

ನಿಧಿಗೂ ನಿನ್ನ ಮೊಮ್ಮಗಳಿಗೂ ನಮ್ಮಿಬ್ಬರ ಆಶೀರ್ವಾದ. ಕೂಸಿಗೆ ದೃಷ್ಟಿ ತೆಗೆದು ಮಲಗಿಸಲು ಹೇಳು. ನೀನು ಬಿಪಿ ಮಾತ್ರೆ ತಪ್ಪಿಸಬೇಡ, ಒಬ್ಬಳೇ ಎಂದು ಅನ್ನ ಮಾಡುವುದನ್ನು ಬಿಡಬೇಡ. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ
ಊರ್ಮಿಳಾ

ತಾ.ಕ.: ಮಾಡಿದ್ದರು ರೇಣುಕಾ. ಫೋನ್ ಮಾಡಿದ್ದರು. ಅವರು ಹೋದ ಆ ಭಾನುವಾರ ಮಧ್ಯಾಹ್ನ ಎರಡಕ್ಕೆ, ನಮ್ಮ ಮನೆಗೆ. ಆ ತಿಂಗಳ ಫೋನ್ ಬಿಲ್ ನೋಡಿದರೆ ನಮ್ಮ ನಂಬರ್ ಇರುತ್ತದೆ, ನೀನು ನೋಡಿಲ್ಲ. ತೆಗೆದವಳು ನಾನು. ಗೋಪಿ ಕಣ್ಣಿನ ಡಾಕ್ಟರಾದರೂ ನಮ್ಮ ಜನಕ್ಕೆ ಜ್ವರವೋ ಮಂಡಿನೋವೋ ಬಂದರೆ ಮೊದಲ ಫೋನು ಅವರಿಗೇ. ಅವರು ಸಿಗದಿದ್ದರೆ ನಾನೇ ಔಷಧಿ ಹೇಳುತ್ತಿದ್ದೆ. ಡಾಕ್ಟರ ಹೆಂಡತಿ ಎಂಬ ಜಂಬ. "ಎದೆಯಲ್ಲಿ ಏನೋ ಬಿಗಿ ಊರ್ಮಿಳಾ ಅವ್ರೇ, ಗೋಪಿ ಇದಾನಾ?" ಎಂದರು. "ರಾತ್ರಿಯೆಲ್ಲ ಎಮರ್ಜೆನ್ಸಿ, ಈಗ ಮಲಗಿದಾರೆ. ರೇಣುಕಾ ಇಲ್ಲ ಅಂತ ಸಿಕ್ಕಿದ್ದೆಲ್ಲ ಎಣ್ಣೇಲಿ ಕರಿದ್ಕೊಂಡು ತಿಂದಿದೀರಿ, ಗ್ಯಾಸು ಅಷ್ಟೇ. ಮಜ್ಜಿಗೆಗೆ ಇಂಗು ಹಾಕ್ಕೊಂಡು ಕುಡೀರಿ" ಎಂದೆ. ಅವರು ನಕ್ಕರು. ನಾನು ಗೋಪಿಯನ್ನು ಎಬ್ಬಿಸಲಿಲ್ಲ. ನೀನು ಮನೆಗೆ ಬಂದಾಗ ಸಿಂಕಿನ ಪಕ್ಕ ಮಜ್ಜಿಗೆಯ ಲೋಟ ಇತ್ತೆಂದು ಹೇಳಿದೆಯಲ್ಲ, ಅದು ನನ್ನ ಮಾತು ಕೇಳಿ ಕುಡಿದದ್ದು.

ಫೋನಿಡುವ ಮುಂಚೆ ಅವರು ಹೇಳಿದ್ದು ನಿನ್ನ ಸ್ವತ್ತು, ಅದನ್ನೂ ನಾನು ಬಚ್ಚಿಟ್ಟುಕೊಂಡೆ. "ನಿಧಿ ಫೋಟೋ ಕಳ್ಸಿದಾಳೆ. ಮಗು ಮೂಗು ಅಚ್ಚು ರೇಣುಕಾದು. ನನಗೆ ಇನ್ನೊಂದು ಜನ್ಮಕ್ಕಾಗೋಷ್ಟು ಜಗಳ ಇದೆ ಆ ಮೂಗಲ್ಲಿ!" ಹಾಗೆಂದು ಜೋರಾಗಿ ನಕ್ಕರು ಕಣೇ.

ಇಪ್ಪತ್ತೈದನೇ ತಾರೀಖು, ಶನಿವಾರ, ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ನಿನ್ನ ಡ್ರೈವ್‌ವೇಯಲ್ಲಿ ಇರುತ್ತೇವೆ. ನಾನು ಬೆಲ್ ಒತ್ತುವುದಿಲ್ಲ. ಬಟ್ಟಲು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲೇ ಕೂತಿರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.