ಟಾಕೀಸಿನ ಮೇಲಿನ ಹಾರ್ನ್

26 ಆಗಸ್ಟ್ 1994, ಬೆಳಿಗ್ಗೆ
ಕಾಫಿ, ಪೇಪರ್, ನಡಿಗೆ. ಟಾಕೀಸಿನ ಮುಂದೆ ಹೊಸ ಬೋರ್ಡು. ಕಡೆಗೂ ಸೇಲಂ ಕಂಪೆನಿಯೇ ಲೀಸಿಗೆ ಹಿಡಿದಿದೆ. ಶಂಕಗಿರಿ, ಹರೂರು ಎಲ್ಲ ಸೇರಿ ಹದಿಮೂರು ಥಿಯೇಟರ್ ಇವೆಯಂತೆ. ನಮ್ಮ ಕಾರಿಮಂಗಲಂ ಹದಿನಾಲ್ಕನೆಯದು. ಒಂದೇ ಕಡೆ ಕೂತು ಇಷ್ಟನ್ನೂ ಹೇಗೆ ನಡೆಸುತ್ತಾರೆ? ತಿಳಿಯಬೇಕು.

ಮೊದಲು ಟಾಕೀಸಿನ ಬಗ್ಗೆ ಕಂಪೆನಿಗೆ ಒಂದು ಅರ್ಜಿ. ಲೈಬ್ರರಿಯಿಂದ ರಿಟೈರ್ ಆದ ಮೇಲೆ ಇದು 214ನೆಯದು. ಒಂದು: ಬೆಂಚಿನ ಮೊಳೆ. ಎರಡು: ಹೆಂಗಸರ ಕಕ್ಕಸಿಗೆ ಬಾಗಿಲಿಲ್ಲ. ಮೂರು: ದಿನಾ ಸಂಜೆ ಮುಕ್ಕಾಲು ಗಂಟೆ ಟಾಕೀಸಿನ ಮೇಲಿನ ಲೌಡ್‌ಸ್ಪೀಕರ್ ಹಾರ್ನ್‌ನಲ್ಲಿ ಹಾಡು. 1958ರಿಂದ ಆ ಹೊತ್ತಿನಲ್ಲಿ ಒಂದು ಪುಟ ನೆಮ್ಮದಿಯಾಗಿ ಓದಿಲ್ಲ.

8 ಸೆಪ್ಟೆಂಬರ್
ಉತ್ತರ! ಟೈಪ್ ಮಾಡಿದ್ದು, ಸೀಲು ಸಹಿತ. ಮೂರೂ ಒಪ್ಪಿಗೆ. ಹಳೆಯ ಮಾಲೀಕ ಮೂವತ್ತಾರು ವರ್ಷದಲ್ಲಿ ಒಂದು ಸಾಲು ಬರೆದವನಲ್ಲ. ಹೆಂಡತಿಗೆ ಎರಡು ಸಲ ಓದಿ ಹೇಳಿದೆ. "ನಿಮ್ ಕಾಗ್ದ ಓದೋರೂ ಒಬ್ರು ಸಿಕ್ಕುದ್ರು ಬುಡಿ" ಎಂದಳು ಸಿದ್ದಲಕ್ಷ್ಮಮ್ಮ.
ಸಂಜೆ ಊರು ನಿಶ್ಶಬ್ದ. ನಲವತ್ತು ಪುಟ ಓದಿದೆ.

17 ಅಕ್ಟೋಬರ್
ಮ್ಯಾನೇಜರ್ ಶಿವರಾಮನ್ ಟಾಕೀಸಿನ ಆಫೀಸಿನಲ್ಲಿ ಕೂರಿಸಿ ತೋರಿಸಿದರು. ಗೋಡೆಗೆ ಮ್ಯಾಪು, ಊರಿಗೊಂದು ಪಿನ್ನು. ಶಂಕಗಿರಿಯಲ್ಲಿ ಲಾರಿ ಡ್ರೈವರ್‌ಗಳು, ಹಾಗಾಗಿ ಬೆಳಿಗ್ಗೆಯಿಂದಲೇ ಆಟ. ಹರೂರಿನಲ್ಲಿ ಸಂತೆ ದಿನ ಒಂದು ಹೆಚ್ಚು. ಫಿಲ್ಮ್ ಪೆಟ್ಟಿಗೆ ಸೇಲಂ ಬಿಟ್ಟು, ಬಸ್ಸಿನ ಮೇಲೆ ಊರೂರು ತಿರುಗಿ, ಆರನೇ ವಾರ ನಮ್ಮಲ್ಲಿಗೆ. ಪ್ರತಿ ಆಟದ ತಲೆಯೆಣಿಕೆ ಫೋನಿನಲ್ಲಿ ಸೇಲಂಗೆ. ಭಲೆ!

ನಮ್ಮ ಪಿನ್ನು ಮಾತ್ರ ಕೆಂಪು. ಸಂಜೆ ಆಟಕ್ಕೆ ಮುನ್ನೂರು ಬರುತ್ತಿದ್ದ ಜನ ಈಗ ಎಂಬತ್ತು. ಅದೇ ಪೆಟ್ಟಿಗೆ ಹರೂರಿನಲ್ಲಿ ಹೌಸ್‌ಫುಲ್. "ಏನ್ನು ತೆರಿಯಲೆ ಸಾರ್..." ಯಾಕೋ ತಿಳಿಯದು ಎಂದು ಶಿವರಾಮನ್ ಕೈ ಚೆಲ್ಲಿದರು. ಹೀಗೇ ನವೆಂಬರ್ ಕಳೆದರೆ ಟಾಕೀಸಿಗೆ ಬೀಗ.

ಆಪರೇಟರ್ ನಂಜಯ್ಯ ಬಾಗಿಲಲ್ಲೇ ನಿಂತಿದ್ದರು. ಕಂಪೆನಿ ಬೇರೆ ಊರಿಗೆ ಕಳಿಸುವುದಿಲ್ಲವೇ ಎಂದೆ.
"ಅಲ್ಲೆಲ್ಲಾ ಆಳು ಐತೆ ಸಾರ್. ಮೂವತ್ ವರ್ಸ ಈ ಮೆಷಿನ್ ಜೊತೆ ಇದ್ದೋನು. ಈಗ ಕುರಿ ಮೇಸಾಕ್ ಓದ್ರೆ ಕುರಿನೂ ನಗ್ತದೆ."

ಕಾರಣವೇನು? ಬಸ್ಸು ಅದೇ. ಟಿಕೆಟ್ ದರ ಅದೇ. ಬೆಂಚಿನಲ್ಲಿ ಮೊಳೆಯೂ ಇಲ್ಲ. ವಿಚಿತ್ರ.

12 ನವೆಂಬರ್, ಬೆಳಿಗ್ಗೆ
ಹಾಲು ಹಾಕುವ ಸಣ್ಣಕ್ಕ ಕೆರೆ ಏರಿಯಾಚೆ ಹಟ್ಟಿಯವಳು. ಒಂದು ಚಿತ್ರ ಬಿಟ್ಟವಳಲ್ಲ. ಟಾಕೀಸಿನ ಕಡೆ ಯಾಕೆ ಕಾಣುತ್ತಿಲ್ಲ ಎಂದು ಕೇಳಿದೆ.
"ಎಂಗ್ ಬರದು ಸಾಮಿ? ಆರ್ನ್‌ನಾಗೆ ವಿನಾಯಕನ ಪಾಟು ಆಕುದ್ರೆ ಕುರಿ ದೊಡ್ಡಿಗೆ ಕೂಡ್ತಿದ್ದೊ. ಎರಡ್ನೇ ಪಾಟ್ಗೆ ಏರಿ ಅತ್ತಿದ್ದೊ. ಮುರುಗನ ಪಾಟು ಮುಗಿಯಾಗಂಟ ಟಿಕೆಟ್ ಸಿಕ್ತಿತ್ತು. ಈಗ ಪಾಟೇ ಇಲ್ಲ. ಆಟ ಐತೋ, ಕರೆಂಟ್ ಓಗೈತೋ, ಯಾರ್ಗೆ ಗೊತ್ತು?"
"ಆರೂವರೆ ಅಂತ ಪೋಸ್ಟರ್‌ನಾಗೆ ಐತಲ್ಲವ್ವ."
"ಆರೂವರೆ ನಮ್ಮಟ್ಟಿಗೆ ಬಂದು ಕೂಗ್ತದಾ? ಯಾವನೋ ಬಾಯಿಗ್ ಮಣ್ಣಾಕ, ಕಾಗ್ದ ಬರ್ದು ನಿಲ್ಲುಸ್ಬುಟ್ನಂತೆ."

ಹಾಲು ಹಾಕಿ ಹೋದಳು. ಒಳಗೆ ಸಿದ್ದಲಕ್ಷ್ಮಮ್ಮ ಕೆಮ್ಮಿದಳು.

ಅದೇ ದಿನ, ಮಧ್ಯಾಹ್ನ
ಅರ್ಜಿ 215. "214ರ ಮೂರನೇ ಅಂಶ ತಪ್ಪು, ಹಾರ್ನ್ ಮತ್ತೆ ಬೇಕು. ಬರೆದವನೇ ಹೇಳುತ್ತಿದ್ದೇನೆ." ಅಂಚೆಗೆ ಹಾಕುವ ಮೊದಲು ನಂಜಯ್ಯನಿಗೆ ಓದಿ ಹೇಳಿದೆ.
"ನೀವೇನಾ ಅದು..." ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಕಕ್ಕಸ್‌ಗೆ ಬಾಗ್ಲು ಆಕ್ಸುದ್ರಲ್ಲ, ಅದ್ನ ಕೀಳ್ಸ್‌ಬ್ಯಾಡಿ ಸಾರ್."

25 ನವೆಂಬರ್, ಸಂಜೆ 5.30
ಸೇಲಂನಿಂದ ಫೋನ್ ಬಂತಂತೆ: ಇವತ್ತೊಂದು ಸಂಜೆ ಹಾರ್ನ್ ಹಾಕಿ ನೋಡಿ. ಇನ್ನೂರು ತಲೆಯಾದರೆ ಟಾಕೀಸು ಉಳಿಯುತ್ತದೆ. ನಮ್ಮ ಮನೆಯ ಮಾಳಿಗೆಯ ಮೇಲೆ ಕುರ್ಚಿ ಹಾಕಿ ಕೂತಿದ್ದೇನೆ. ಏರಿ ಪೂರ್ತಿ ಕಾಣುತ್ತದೆ. ಖಾಲಿ.

5.45. ವಿನಾಯಕನ ಹಾಡು. ಇಷ್ಟು ಕರ್ಕಶವಾಗಿತ್ತೆ ಇದು!

6.00. ಎರಡನೆಯದು. ಯಾರೂ ಇಲ್ಲ. ಎರಡೂವರೆ ತಿಂಗಳಲ್ಲಿ ಕಿವಿಗಳು ಮರೆತವೋ...

6.07. ಒಂದು ತಲೆ. ಸಣ್ಣಕ್ಕ! ಹಿಂದೆ ಮೂವರು. ಹನ್ನೊಂದು... ಕಂಕುಳ ಕೂಸುಗಳನ್ನು ಸೇಲಂನವರು ಎಣಿಸುತ್ತಾರೋ ಇಲ್ಲವೋ? ನಲವತ್ತು... ಏರಿಯ ಆ ತುದಿಯಿಂದ ಇನ್ನೊಂದು ಗುಂಪು. ಬೆಳಕು ಸಾಲದು, ಎಣಿಕೆ ತಪ್ಪಿತು. ಸಿದ್ದಲಕ್ಷ್ಮಮ್ಮ ಹೊಸ ಸೀರೆ ಉಟ್ಟು ಅಂಗಳದಿಂದ ಕೂಗುತ್ತಿದ್ದಾಳೆ: "ಎಣ್ಸಿದ್ದು ಸಾಕು, ನಮ್ಮವೂ ಎಲ್ಡು ತಲೆ ಐತೆ, ಇಳ್ದ್ ಬನ್ನಿ!" ಮುರುಗನ ಹಾಡು ಶುರುವಾಯಿತು, ಟಿಕೆಟ್ ಮುಗಿಯುವ ಮೊದಲು ಇಳಿಯಬೇಕು, ಉಳಿದದ್ದು ಬಂದು...