ಸದ್ದಿಲ್ಲದ ಕ್ಯಾಮೆರಾ

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಮೂವರಿಗೆ ಡ್ರೈವಿಂಗ್ ಪಾಠ. ಮೂವರೂ ದಡ್ಡರು. ಒಬ್ಬಳಂತೂ ವೃತ್ತ ಬಂದಾಗ ಬ್ರೇಕ್ ಒತ್ತುವ ಬದಲು ಕಣ್ಣು ಮುಚ್ಚಿಕೊಂಡಳು. ಈ ಕೆಲಸಕ್ಕೆ ತಾಳ್ಮೆ ಬೇಕಂತೆ — ಹಾಗೆ ಹೇಳಿದವನು ನಮ್ಮ ಸ್ಕಿವೆ ಊರಿನ ಮಕ್ಕಳನ್ನು ನೋಡಿಲ್ಲ.

ಸಂಜೆ ಊಟದ ಮೇಜಿನಲ್ಲಿ ಆಶ್ಚರ್ಯ. ಮರೆನ್ ತಾನಾಗಿಯೇ ಬಾಯಿಬಿಟ್ಟಳು. ಅಕ್ಟೋಬರ್ ರಜೆಗೆ ಲಂಡನ್‌ಗೆ ಹೋಗೋಣ, ಮೂವರೂ, ಎಂದಳು. ಮೂರು ವರ್ಷದಿಂದ ನಮ್ಮ ಜೊತೆ ಅಂಗಡಿಗೂ ಬರದ ಮಗಳು. ಹದಿನೇಳು ವರ್ಷ, ಹ್ಯಾಂಗರಿಗೆ ಕೋಟು ತಗುಲಿಹಾಕಿದ ಹಾಗಿದ್ದಾಳೆ. ಹೆಲ್ಲೆಯ ಕಣ್ಣು ಆಗಲೇ ತುಂಬಿತ್ತು. ನನ್ನ ಹೆಂಡತಿಗೆ ಅಳಲು ಕಾರಣವೇ ಬೇಕಿಲ್ಲ.

"ಒಂದೇ ಷರತ್ತು ಅಪ್ಪ. ನನ್ನ ಫೋಟೋ ತೆಗೀಬಾರ್ದು. ಒಂದೂ."

"ಲಂಡನ್‌ಗೆ ಹೋಗಿ ಫೋಟೋ ತೆಗೀದೆ ಏನ್ ಮಾಡೋದು? ಪಾರಿವಾಳಕ್ಕೆ ಕಾಳು ಹಾಕೋದಾ?"

"ಕಟ್ಟಡ ತೆಗಿ. ಸೇತುವೆ ತೆಗಿ. ನಂದು ಬೇಡ. ಮಾತು ಕೊಡು."

ಕೊಟ್ಟೆ. ಹೆಲ್ಲೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು, ಕೊಡದೆ ಇನ್ನೇನು ಮಾಡಲಿ.

ಸೆಪ್ಟೆಂಬರ್ 14, ಭಾನುವಾರ

ಅಮ್ಮನ ಮನೆಯಲ್ಲಿ ಕಾಫಿ. ನವೆಂಬರ್ ಎಂಟಕ್ಕೆ ಅವಳಿಗೆ ಎಂಬತ್ತು. ಊರಿನ ಸಭಾಭವನ ಗೊತ್ತುಮಾಡಿ ಆಯಿತು. ಹಾಡು ಬರೆಯುವುದು ಎಂದಿನಂತೆ ನಾನೇ. ಹಾಡಿಲ್ಲದ ಹುಟ್ಟುಹಬ್ಬ ನಮ್ಮಲ್ಲುಂಟೇ? ಎಲ್ಲರಿಗೂ ಗೊತ್ತಿರುವ ಧಾಟಿ, ಮನೆಯವರ ಮಾನ ಹರಾಜು ಹಾಕುವ ಹೊಸ ಸಾಲು, ಚಿತ್ರ ಸಮೇತ ಅಚ್ಚಾದ ಹಾಳೆ ಪ್ರತಿ ತಟ್ಟೆಯ ಪಕ್ಕ. ಯಾರ ಮೇಲೆ ಹಾಡೋ ಅವರೂ ಎದ್ದುನಿಂತು ಜೊತೆಗೆ ಹಾಡಬೇಕು. ನನ್ನ ಐವತ್ತಕ್ಕೆ ನನ್ನ ಬೋಳುತಲೆಯ ಮೇಲೆ ಏಳು ಚರಣ. ಹಾಡಿದೆ, ನಕ್ಕೆ. ಸತ್ತುಹೋದೆನೇ?

ಮರೆನ್‌ಗೆ ಹದಿನಾಲ್ಕಾದಾಗ ಚರ್ಚಿನಲ್ಲಿ ದೃಢೀಕರಣದ ವಿಧಿ ಮುಗಿಸಿ ಊಟ ಇಟ್ಟುಕೊಂಡಿದ್ದೆವು. ಅವತ್ತಿನ ಹಾಳೆಯ ಮೇಲೆ ಅವಳದೇ ಹಳೆಯ ಫೋಟೋ, ಈಜುಡುಗೆಯಲ್ಲಿ ಐಸ್‌ಕ್ರೀಮ್ ನೆಕ್ಕುತ್ತಿರುವ ಗುಂಡಮ್ಮ. ಹಾಡು ನನ್ನದೇ. ಜನ ಬಿದ್ದು ಬಿದ್ದು ನಕ್ಕರು. ಅವಳೂ ಹಾಡಿದಳು. ಆಮೇಲೆ ತಿನ್ನುವುದು ಬಿಟ್ಟಳು... ಆಸ್ಪತ್ರೆ, ಆಪ್ತ ಸಮಾಲೋಚನೆ, ಎಲ್ಲ ಆಯಿತು. ಹೆಲ್ಲೆ ನನ್ನ ತಲೆಗೇ ಕಟ್ಟುತ್ತಾಳೆ. ಒಂದು ಹಾಡಿಗೆ ಯಾರಾದರೂ ಅನ್ನ ನೀರು ಬಿಡುತ್ತಾರೆಯೇ!

ಅಮ್ಮ ಗೋಡೆ ತೋರಿಸಿದಳು. ಮೊಮ್ಮಕ್ಕಳ ಸಾಲು.

"ಎಲ್ಲಾ ದೊಡ್ಡೋರಾದ್ರು ಕಣೋ. ನಿನ್ ಮಗಳು ಮಾತ್ರ ಇನ್ನೂ ಈಜುಡುಗೇಲೇ ಇದಾಳೆ. ನಂಗೆ ಉಡುಗೊರೆ ಗಿಡುಗೊರೆ ಬೇಡ. ಅವಳದೊಂದು ಫೋಟೋ ತಂದ್ಕೊಡು. ಏನಾದ್ರೂ ತಿಂತಿರೋದು. ಕಣ್ಣು ಮುಚ್ಚೋ ಮುಂಚೆ ನೋಡ್ಬೇಕು."

"ತೆಗಿಯಲ್ಲ ಅಂತ ಮಾತು ಕೊಟ್ಟಿದೀನಮ್ಮ."

"ನಿನ್ ಮಾತಿಗೆ ಯಾವಾಗಿಂದ ಬೆಲೆ ಬಂತೋ?"

ಎಂಬತ್ತಾದರೂ ನಾಲಿಗೆ ಮೊಂಡಾಗಿಲ್ಲ.

ಸೆಪ್ಟೆಂಬರ್ 20, ಶನಿವಾರ

ಕ್ಯಾಮೆರಾ ಯೋಚನೆ. ನನ್ನ ಹತ್ತಿರವಿರುವ ದೊಡ್ಡದಕ್ಕೆ ಉದ್ದ ಲೆನ್ಸ್ ಹಾಕಿದರೆ ಬೀದಿಯ ಆ ಕಡೆಯಿಂದ ಹಿಡಿಯಬಹುದು. ಆದರೆ ಎತ್ತಿದ ಕೂಡಲೇ ಇಡೀ ಬೀದಿ ತಿರುಗಿ ನೋಡುತ್ತದೆ. ಒತ್ತಿದರೆ ಬಾಗಿಲು ಬಡಿದ ಸದ್ದು. ಮೊಬೈಲ್ ಆಗದು. ಯಾರು ಮೊಬೈಲ್ ಎತ್ತಿದರೂ ಮರೆನ್ ಮುಖ ತಿರುಗಿಸುತ್ತಾಳೆ, ಗಂಟೆ ನೋಡಲು ಎತ್ತಿದರೂ ಸರಿ.

ಆರ್ಹುಸ್ ಪಟ್ಟಣಕ್ಕೆ ಹೋದೆ. ಫೋಟೋ ಕ್ಲಬ್ಬಿನ ಗೆಳೆಯ ಪೌಲ್‌ನ ಅಂಗಡಿ.

"ಏನ್ ತೆಗೀಬೇಕು?" ಎಂದ.

"ಒಂದು ಹಕ್ಕಿ. ಭಾರಿ ನಾಚಿಕೆ ಅದಕ್ಕೆ."

ಜೇಬಿನಲ್ಲಿ ಹಿಡಿಸುವ ಒಂದನ್ನು ಕೈಗಿಟ್ಟ. ಒತ್ತಿದರೆ ಸದ್ದೇ ಇಲ್ಲ. ಪರದೆ ಮೇಲಕ್ಕೆ ಮಗುಚಿಕೊಳ್ಳುತ್ತದೆ. ಮೇಜಿನ ಮೇಲಿಟ್ಟು ತಲೆ ಬಗ್ಗಿಸಿ ನೋಡಿದರೆ ಎದುರಿಗಿದ್ದವರಿಗೆ ನಕ್ಷೆ ಓದುತ್ತಿರುವ ಹಾಗೆ ಕಾಣುತ್ತದೆ. ಮನಸೋತೆ.

"ಆದ್ರೆ ಇದ್ರಲ್ಲಿ ಝೂಮ್ ಇಲ್ಲ ನೋಡು. ಪಕ್ಕದಲ್ಲೇ ಕೂತು ತೆಗೀಬೇಕು. ನಿನ್ ಹಕ್ಕಿ ಅಷ್ಟ್ ಹತ್ರ ಬಿಟ್ಕೊಳ್ಳತ್ತಾ?"

"ಬಿಟ್ಕೊಳ್ಳತ್ತೆ, ಬಿಡು."

ಸೆಪ್ಟೆಂಬರ್ 27, ಶನಿವಾರ

ಬೆಳಿಗ್ಗೆ ಹೆಲ್ಲೆಯ ಮೇಲೆ ಅಭ್ಯಾಸ. ಹಾಲಿನ ಜಗ್ಗಿನ ಹಿಂದೆ ಇಟ್ಟು ತೆಗೆದೆ. ಬಾಯಿ ತೆರೆದದ್ದು, ಮೂಗು ಒರೆಸಿದ್ದು, ಆಕಳಿಸಿದ್ದು... ಗೊತ್ತೇ ಆಗಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳ ಕಣ್ಣು ತಪ್ಪಿಸಿದ ಮೇಲೆ ಇನ್ನೇನು ಭಯ. ಮುಂದೆ ಮಿನುಗುವ ಪುಟ್ಟ ದೀಪವನ್ನೂ ಆರಿಸಿದೆ.

ದೊಡ್ಡದನ್ನೂ ಒಯ್ಯುವುದೆಂದು ತೀರ್ಮಾನ. ಕಟ್ಟಡಗಳಿಗೆ ಅಗಲದ ಲೆನ್ಸ್. ಅದು ಕುತ್ತಿಗೆಯಲ್ಲಿ ನೇತಾಡುತ್ತಿದ್ದರೆ ಸಣ್ಣದರ ಕಡೆ ಯಾರು ನೋಡುತ್ತಾರೆ.

ಚೀಲ ತುಂಬುವಾಗ ಮರೆನ್ ಬಂದಳು.

"ಇದೊಂದೇ ತಾನೆ?"

"ಇದೊಂದೇ. ಸೇತುವೆಗೆ."

ಪಕ್ಕದಲ್ಲಿ ಕೂತು ಲೆನ್ಸ್ ಒರೆಸಿಕೊಟ್ಟಳು. ಥ್ಯಾಂಕ್ಸ್ ಅಪ್ಪ, ಎಂದಳು. ಸಣ್ಣದು ನನ್ನ ಕೋಟಿನ ಜೇಬಿನಲ್ಲಿತ್ತು. ನಗು ತಡೆಯುವುದು ಕಷ್ಟವಾಯಿತು.

ಅಕ್ಟೋಬರ್ 14, ಮಂಗಳವಾರ. ಲಂಡನ್

ಕೋಣೆ ಬೆಂಕಿಪೊಟ್ಟಣದಷ್ಟಿದೆ. ಇಡೀ ದಿನ ಸೇತುವೆ ತೆಗೆದೆ. ಯಾರಿಗೆ ಬೇಕು ಸೇತುವೆ? ಮರೆನ್ ಮೊದಲ ದಿನ ನನ್ನ ಹಿಂದೆಯೇ ನಡೆಯುತ್ತಿದ್ದಳು, ಕ್ಯಾಮೆರಾದ ಬೆನ್ನು ಕಾಯುವ ಹಾಗೆ. ಇವತ್ತು ಮುಂದೆ ಬಂದಳು. ಬಸ್ಸಿನ ಮಹಡಿಯಲ್ಲಿ ನನ್ನ ಪಕ್ಕವೇ ಕೂತು ನನ್ನ ಇಂಗ್ಲಿಷನ್ನು ಅಣಕಿಸಿದಳು. ಮಧ್ಯಾಹ್ನ ಅರ್ಧ ಬಟ್ಟಲು ಸೂಪ್. ಹೆಲ್ಲೆ ಒಂದೊಂದು ಚಮಚವನ್ನೂ ಬೆಕ್ಕಿನ ಹಾಗೆ ನೋಡುತ್ತಾಳೆ. ಸೂಪ್ ಕುಡಿಯುವುದು ಚಿತ್ರಕ್ಕೆ ಚೆನ್ನಾಗಿರುವುದಿಲ್ಲ. ಕಾಯಬೇಕು.

ಅಕ್ಟೋಬರ್ 16, ಗುರುವಾರ. ರಾತ್ರಿ

ಸಿಕ್ಕಿತು!

ರೈಲು ಕಮಾನುಗಳ ಕೆಳಗಿನ ಸಂತೆ. ಕಾವಲಿಯ ಮೇಲೆ ಚೀಸ್ ತುಂಬಿದ ಬ್ರೆಡ್ಡು ಸುಡುತ್ತಿದ್ದರು. ವಾಸನೆಗೆ ಮರೆನ್ ನಿಂತಳು. "ನಂಗೊಂದು" ಎಂದಳು. ಹೆಲ್ಲೆ ಕುರಿಯ ಹಾಗೆ ನಿಂತಿದ್ದಳು, ದುಡ್ಡು ಕೊಡಲು ನಾನೇ ತಿವಿಯಬೇಕಾಯಿತು.

ಮೇಜು ಸಣ್ಣದು. ದೊಡ್ಡ ಕ್ಯಾಮೆರಾವನ್ನು ಎಲ್ಲರಿಗೂ ಕಾಣುವಂತೆ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಸಣ್ಣದು ಕಾಫಿ ಕಪ್ಪಿನ ಹಿಂದೆ, ನಕ್ಷೆಯ ಮೇಲೆ.

"ಇನ್ನೂ ಹತ್ರ ಬಾ ಅಪ್ಪ, ಜಾಗ ಇದೆ."

ಹೋದೆ. ಬೇಕಾಗಿದ್ದೂ ಅದೇ. ಕಚ್ಚಿದಳು. ಚೀಸ್ ಗಲ್ಲದ ತನಕ ಎಳೆದುಕೊಂಡು ಬಂತು. ಬೆರಳಿಂದ ಸುತ್ತಿ ಬಾಯಿಗೆ ಹಾಕಿಕೊಂಡಳು, ಬೆರಳು ನೆಕ್ಕಿದಳು, ನಕ್ಕಳು. ಪೂರ್ತಿ ಮುಗಿಸಿ ಹೆಲ್ಲೆಯದರಲ್ಲೂ ಅರ್ಧ ಕಿತ್ತುಕೊಂಡಳು. ಹೆಲ್ಲೆ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಕೆಲಸವಿತ್ತು.

ಅಕ್ಟೋಬರ್ 26, ಭಾನುವಾರ

ಮನೆಗೆ ಬಂದು ವಾರವಾಯಿತು. ಮರೆನ್ ಬೆಳಿಗ್ಗೆ ನಮ್ಮ ಜೊತೆಗೇ ಕೂರುತ್ತಾಳೆ. ರೈ ಬ್ರೆಡ್ಡಿನ ಒಂದು ಹೋಳು, ಕೆಲವು ದಿನ ಎರಡು. ಹೆಲ್ಲೆ ಮನೆಯೊಳಗೆ ತುದಿಗಾಲಲ್ಲಿ ಓಡಾಡುತ್ತಾಳೆ, ಮಗು ಮಲಗಿದ ಮನೆಯ ಹಾಗೆ.

ಇವತ್ತು ಕಂಪ್ಯೂಟರಿನಲ್ಲಿ ಸಂತೆಯ ಚಿತ್ರ ಹೆಲ್ಲೆಯ ಕಣ್ಣಿಗೆ ಬಿತ್ತು.

"ಇದೆಲ್ಲಿಂದ ಬಂತು? ಮಾತು ಕೊಟ್ಟಿದ್ಯಲ್ಲೋ! ಅಳಿಸು. ಈಗ್ಲೇ."

"ಮೊದ್ಲು ನೋಡು."

ನೋಡಿದಳು. ಬಹಳ ಹೊತ್ತು. ಪರದೆಯ ಮೇಲೆ ಮಗಳ ಕೆನ್ನೆಯನ್ನು ಬೆರಳಿಂದ ಸವರಿದಳು.

"ಇಟ್ಕೋ... ಯಾರಿಗೂ ತೋರಿಸ್ಬೇಡ ಟೋರ್ಬೆನ್. ನಿಂಗೆ ಕೈ ಮುಗೀತೀನಿ. ನಾವಿಬ್ರೇ ನೋಡ್ಕೊಂಡ್ರೆ ಸಾಕು."

ಆಯಿತು ಎಂದೆ. ಅಮ್ಮನ ಹಾಡಿನ ಹಾಳೆ ಶುಕ್ರವಾರವೇ ಅಚ್ಚಿಗೆ ಹೋಗಿದೆ. ಪ್ರತಿ ಮೊಮ್ಮಗುವಿಗೂ ಒಂದು ಚರಣ, ಪಕ್ಕದಲ್ಲಿ ಒಂದು ಚಿತ್ರ. ಮರೆನ್‌ಳದನ್ನು ಬಿಟ್ಟರೆ ಜನ ಏನಂದುಕೊಳ್ಳುತ್ತಾರೆ? ಅವಳ ಚರಣವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ನವೆಂಬರ್ 9, ಭಾನುವಾರ

ನಿನ್ನೆ ಅಮ್ಮನ ಎಂಬತ್ತು. ಮೇಜಿನ ತುಂಬ ಪುಟ್ಟ ಬಾವುಟಗಳು, ಗರಿಗರಿ ಚರ್ಮದ ಹಂದಿ ಮಾಂಸ, ಕಂದು ಸಾರು. ಸಭಾಭವನ ತುಂಬಿತ್ತು. ಮರೆನ್ ನೀಲಿ ಉಡುಪಿನಲ್ಲಿ ಬಂದಳು, ಆಲೂಗಡ್ಡೆ ಬಡಿಸಿಕೊಂಡಳು, ಸಾರು ಕೂಡ. ಹಾಳೆ ಹಂಚಿದೆವು. ಎಲ್ಲರೂ ಎದ್ದುನಿಂತರು. ಮೂರನೆಯ ಚರಣ:

ಲಂಡನ್ನಲ್ಲಿ ಸಿಕ್ಕಿತಂತೆ ಕಳೆದುಹೋದ ಹಸಿವು,
ಚೀಸಿನಲ್ಲಿ ಮುಳುಗಿತಂತೆ ನಮ್ಮ ಮರೆನ್ ಮುಸುಡು!

ನಗುವೋ ನಗು. ಹಿಂದಿನ ಮೇಜಿನಿಂದ ಯಾರೋ, "ಇನ್ನೊಂದ್ ತಟ್ಟೆ ತನ್ರೋ ಹುಡುಗೀಗೆ!" ಎಂದು ಕೂಗಿದರು. ಅಮ್ಮ ಹಾಳೆಯನ್ನು ಎದೆಗೊತ್ತಿಕೊಂಡು ಅತ್ತಳು. ಇಂಥ ಯಶಸ್ಸು ನನಗೆ ಎಂದೂ ಸಿಕ್ಕಿರಲಿಲ್ಲ.

ಮರೆನ್ ಹಾಡಿದಳು. ತನ್ನ ಚರಣವನ್ನೂ, ಮಿಕ್ಕವನ್ನೂ, ಕೊನೆಯ ಮೂರು ಹುರ್ರಾ ಜೈಕಾರಗಳನ್ನೂ. ಆಮೇಲೆ ಕೂತು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹೆಲ್ಲೆ ನನ್ನ ಕಡೆ ನೋಡಲೇ ಇಲ್ಲ.

ಮನೆ ಬಾಗಿಲಲ್ಲಿ ಶೂ ಬಿಚ್ಚುತ್ತಾ ಮರೆನ್ ಹೇಳಿದಳು:

"ನಾನು ಅಲ್ಲೇ ನೋಡಿದ್ದೆ ಅಪ್ಪ. ಕಪ್ಪಿನ ಹಿಂದೆ ಇತ್ತು. ಮೊದಲ್ನೇ ತುತ್ತಿಗೇ ಕಾಣಿಸ್ತು."

"ಮತ್ಯಾಕೆ ಸುಮ್ನಿದ್ದೆ?"

"ನಿಂಗೊಬ್ಬನಿಗೆ ಅಂದ್ಕೊಂಡೆ. ಅಷ್ಟು ಆಸೆ ಇದ್ರೆ ಇಟ್ಕೊಳ್ಳಲಿ ಅಂತ ತಿಂದೆ."

ಮೆಟ್ಟಿಲು ಹತ್ತಿ ಹೋದಳು. ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಉತ್ತರ ಕೊಡಬಹುದಿತ್ತು.

ನವೆಂಬರ್ 10, ಸೋಮವಾರ

ಸಂತೆಯ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಎರಡನೆಯದರಲ್ಲಿ ನೇರ ಲೆನ್ಸಿನೊಳಗೆ ನೋಡುತ್ತಿದ್ದಾಳೆ. ಹೆದರಿದ ಮುಖ. ಮೂರನೆಯದರಲ್ಲಿ ಕಣ್ಣು ನನ್ನ ಮೇಲಿದೆ, ನಾನು ತಲೆ ಬಗ್ಗಿಸಿರಬೇಕು. ನಾಲ್ಕನೆಯದರಲ್ಲಿ ಬಾಯಿ ತೆರೆದಿದ್ದಾಳೆ.

ಅಷ್ಟು ಸಲ ನೋಡಿದ್ದೆ. ಚೀಸನ್ನೇ ನೋಡಿದ್ದೆ.

ನವೆಂಬರ್ 23, ಭಾನುವಾರ

ಮರೆನ್ ಬೆಳಿಗ್ಗೆ ಮೇಜಿಗೆ ಬರುವುದಿಲ್ಲ. ಮಧ್ಯಾಹ್ನವೂ ಇಲ್ಲ. ಹೆಲ್ಲೆ ತಟ್ಟೆ ಹೊತ್ತು ಹತ್ತುತ್ತಾಳೆ, ಅದೇ ತಟ್ಟೆ ಹೊತ್ತು ಇಳಿಯುತ್ತಾಳೆ. ನಾನು ಬಾಗಿಲು ತಟ್ಟಿದರೆ ಒಳಗೆ ದೀಪ ಆರುತ್ತದೆ.

ಅಮ್ಮ ಫೋನ್ ಮಾಡಿದ್ದಳು. ಫೋಟೋಗೆ ಚೌಕಟ್ಟು ಹಾಕಿಸಿದಳಂತೆ, ಬಂದವರೆಲ್ಲ ಹೊಗಳುತ್ತಾರಂತೆ. "ಹುಡುಗಿ ಮೈ ತುಂಬ್ಕೊಂಡಿದಾಳಾ?" ಎಂದಳು. ಹೂಂ ಎಂದೆ.

ಡಿಸೆಂಬರ್ 2, ಮಂಗಳವಾರ

ಗುರುವಾರದಿಂದ ಮರೆನ್ ಆಸ್ಪತ್ರೆಯಲ್ಲಿದ್ದಾಳೆ. ಮೂಗಿನಲ್ಲಿ ನಳಿಕೆ ಹಾಕಿದ್ದಾರಂತೆ. ನಾನು ನೋಡಿಲ್ಲ. ತಾಯಿ ಮಾತ್ರ ಬರಲಿ ಎಂದಿದ್ದಾಳೆ, ನರ್ಸ್ ನಯವಾಗಿ ಹೇಳಿದಳು. ಪಾಠಗಳನ್ನೆಲ್ಲ ರದ್ದು ಮಾಡಿ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಇವತ್ತು ಹೆಲ್ಲೆ ಬಾಗಿಲು ತೆರೆದಾಗ ಎದ್ದುನಿಂತೆ.

"ಏನಂದ್ಲು? ನನ್ನ ಕೇಳಿದ್ಲಾ?"

"ನಿನ್ನ ಚೀಲದಲ್ಲಿ ಏನಿದೆ ಅಂತ ಕೇಳಿದ್ಲು."

"ಏನೂ ಇಲ್ಲ ಅಂತ ಹೇಳ್ಬೇಕಿತ್ತು."

"ಹೇಳ್ದೆ. ನಂಬಲಿಲ್ಲ."

ಇರಲಿಲ್ಲ. ಎರಡೂ ಕ್ಯಾಮೆರಾಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ, ನಿಜಕ್ಕೂ. ಚೀಲವನ್ನು ಬೆಂಚಿನ ಮೇಲೆ ಸುರಿದು ತೋರಿಸಿದೆ. ಕೈಗವಸು. ಕಾರಿನ ಕೀಲಿ. ಬೆಳಿಗ್ಗೆ ನಾನೇ ಸುಟ್ಟು, ಕಾಗದದಲ್ಲಿ ಸುತ್ತಿ ತಂದಿದ್ದ ಚೀಸ್ ಬ್ರೆಡ್ಡು — ಇನ್ನೂ ಸ್ವಲ್ಪ ಬೆಚ್ಚಗಿತ್ತು. ಇದನ್ನಾದ್ರೂ ಕೊಡು ಎಂದೆ. ಹೆಲ್ಲೆ ಕೈ ಚಾಚಲಿಲ್ಲ. ಮೊದಲು ಬಗ್ಗಿ, ಖಾಲಿ ಚೀಲದೊಳಗೆ ಕೈ ಹಾಕಿ, ಒಂದೊಂದೇ ಜೇಬು ತಡಕಿ, ಆಮೇಲೆ ನನ್ನ ಕೋಟಿನ ಜೇಬಿನೊಳಗೂ ಕೈ ಹಾಕಿ ನೋಡಿದಳು.