ಉಣ್ಣುವ ಕೈ, ಕತ್ತರಿಸುವ ಕೈ

ಮಾನ್ಯರೇ, ಕಾರ್ಮಿಕರ ಕೈಗಳಿಗೆ ಅಂಕ ಕೊಡುವ ವೈದ್ಯಕೀಯ ಪರಿಶೀಲನಾ ಕಚೇರಿಯ ಮುಖ್ಯಸ್ಥರೇ,

ನೀವು ಎಂ.ಆರ್.ಐ. ಮಾಡಿಸಿದ್ದು ನನ್ನ ಬಲಗೈಗೆ. ಸವೆದಿರುವುದು ಎಡಗೈ. ಬಲಗೈಯ ಚಿತ್ರ ನೋಡಿ ‘ಕೆಲಸಕ್ಕೆ ಅಡ್ಡಿಯಿಲ್ಲ’ ಎಂದು ನೀವು ಸಹಿ ಹಾಕಿದ್ದರಿಂದ ಬರುವ ಸೋಮವಾರ ನಾನು ಮತ್ತೆ ಬಟ್ಟೆ ಕತ್ತರಿಸುವ ಮೇಜಿಗೆ ಹೋಗಬೇಕಾಗಿದೆ. ನನ್ನ ಮಗ ಶಾರೀಕ್ ಇಂಗ್ಲಿಷಿನಲ್ಲಿ ಬರೆದ ಅರ್ಜಿಗೆ ‘ಪ್ರಕರಣ ಮುಗಿದಿದೆ’ ಎಂಬ ಒಂದು ಸಾಲು ಬಂತು. ಅದಕ್ಕೇ ಈ ಪರದೇಶದ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಐದನೇ ಇಯತ್ತೆ ಅರ್ಧಕ್ಕೇ ಬಿಟ್ಟವಳು ನಾನು. ನನ್ನ ತಪ್ಪನ್ನು ಓದುವವರು ತಿದ್ದಿಕೊಳ್ಳುತ್ತಾರೆ. ನಿಮ್ಮದನ್ನು ಯಾರು ತಿದ್ದಬೇಕು?

ನಿಮ್ಮ ಪದ್ಧತಿಯನ್ನು ಶಾರೀಕ್ ಬಿಡಿಸಿ ಹೇಳಿದ. ಎಲುಬಿಗೆ ಎಲುಬು ತಿಕ್ಕದಂತೆ ಕೀಲಿನೊಳಗೆ ನುಣುಪಾದ ಮೆತ್ತೆ ಇರುತ್ತದಂತೆ, ಮೃದ್ವಸ್ಥಿ ಎಂದು ಅದರ ಹೆಸರು. ಅದು ನೆಟ್ಟಗಿದ್ದರೆ ಸೊನ್ನೆ, ಪೂರ್ತಿ ಸವೆದಿದ್ದರೆ ಮೂರು. ನಮ್ಮ ಶಾಲೆಯಲ್ಲಿ ಸೊನ್ನೆ ಬಂದವರನ್ನು ಮನೆಗೆ ಅಟ್ಟುತ್ತಿದ್ದರು, ನೀವು ಶಭಾಷ್ ಎಂದು ಕೆಲಸಕ್ಕೆ ಅಟ್ಟುತ್ತೀರಿ. ಎರಡೂ ಕೈ ಯಾಕೆ, ಹೆಚ್ಚು ಬಳಸುವ ಒಂದು ಕೈ ನೋಡಿದರೆ ಸಾಕು ಎಂಬುದೂ ನಿಮ್ಮ ನಿಯಮ. ಅದು ಯಾವ ಕೈ ಎಂದು ತಿಳಿಯಲು ಫೋನಿನಲ್ಲಿ ದುಭಾಷಿಯನ್ನು ಕೂರಿಸಿದಿರಿ. ಬೆಂಗಳೂರಿನ ಕಡೆಯ ಹುಡುಗಿ, ದನಿ ಬಹಳ ನಯ.

"ಆಂಟಿ, ನೀವು ಯಾವ ಕೈಲಿ ಊಟ ಮಾಡ್ತೀರಾ?"

"ಇದೇನ ಕೇಳ್ತಿ ಯವ್ವಾ? ಬಲಗೈಲೆ. ಎಡಗೈಲೆ ಯಾರರೆ ಉಣ್ತಾರೇನು?"

"ಓಕೆ ಆಂಟಿ, ರೈಟ್ ಹ್ಯಾಂಡು."

ಮುಗಿಯಿತು. ನಮ್ಮ ವಿಜಯಪುರದ ಕಡೆ, ಯಾರ ಮನೆಯೇ ಆಗಲಿ, ಎಡಚ ಮಗುವಿನ ಎಡಗೈಯನ್ನು ಹೊಡೆದು ಊಟದ ತಾಟಿನಿಂದ ತೆಗೆಸುತ್ತಾರೆ. ಕತ್ತರಿಯಿಂದ ಯಾರೂ ತೆಗೆಸುವುದಿಲ್ಲ. ಉಣ್ಣುವುದೊಂದು ಬಿಟ್ಟು ಉಳಿದೆಲ್ಲಕ್ಕೂ ನನಗೆ ಎಡಗೈಯೇ. ಅದನ್ನು ಕೇಳಿ ತಿಳಿಯುವುದು ಯಾರ ಕೆಲಸವಾಗಿತ್ತು?

ಸ್ಕ್ಯಾನಿನ ದಿನ ಬಳೆ, ಉಂಗುರ ಬಿಚ್ಚಿಸಿ, ಬೋರಲು ಮಲಗಿಸಿ, ಬಲಗೈಯನ್ನು ತಲೆಯ ಮುಂದಕ್ಕೆ ಚಾಚಿಸಿದರು. ನಾನು ಎಡಗೈ ಎತ್ತಿ ತೋರಿಸಿದೆ. ಅಲ್ಲಿದ್ದವನು ನಕ್ಕು, ಕಾಗದ ನೋಡಿ, ಬಲಗೈಯನ್ನೇ ತಟ್ಟಿದ. ಆಮೇಲೆ ಎಡಗೈಯ ಚಿತ್ರವನ್ನೂ ತೆಗೆಯುತ್ತಾರೇನೋ ಎಂದು ಕೈ ಇಳಿಸಿದೆ. ಯಂತ್ರ ಗಡಗಡ ಬಡಿದುಕೊಳ್ಳುತ್ತಿದ್ದಷ್ಟು ಹೊತ್ತೂ ಎಡಗೈ ನನ್ನ ಎದೆಯಡಿ ಸಿಕ್ಕಿಕೊಂಡು ಮಿಡಿಯುತ್ತಿತ್ತು. ಎಂಥ ಚುರುಕು ಯಂತ್ರ! ನೋಯದ ಕೈಯಲ್ಲಿ ಏನೂ ಕೆಟ್ಟಿಲ್ಲವೆಂದು ಕಂಡುಹಿಡಿಯಿತು.

"ಎಡಗೈ ನೋವು ಅಂತ ಕಿರುಚಬಾರ್ದಿತ್ತಾ ಅಮ್ಮೀ?" ಎಂದ ಶಾರೀಕ್.

"ಕಿರಚಿದ್ರ ತಲಿಗೂ ಒಂದು ಸ್ಕ್ಯಾನು ಮಾಡಿ, ಅದಕ್ಕೂ ಸೊನ್ನಿ ಹಾಕ್ತಿದ್ರು" ಎಂದೆ. ಇಬ್ಬರೂ ನಕ್ಕೆವು. ಆ ನಗು ಮೊನ್ನೆ ನಿಂತಿತು. ಚಹಾ ಸೋಸುವಾಗ ಎಡ ಹೆಬ್ಬೆರಳ ಬುಡ ಇದ್ದಕ್ಕಿದ್ದಂತೆ ಸಡಿಲಿತು. ಕುದಿಯುವ ಪಾತ್ರೆ ಮೊಮ್ಮಗಳು ಅಮ್ರೀನ್ ಆಗತಾನೇ ಎದ್ದುಹೋದ ಜಾಗದಲ್ಲಿ ಬಿತ್ತು. ಮೊದಲಿಂದಲೂ ಸುಮ್ಮಸುಮ್ಮನೆ ಹೆದರುವವಳು ನಾನು, ಮನೆಯಲ್ಲೆಲ್ಲ ಆಡಿಕೊಳ್ಳುತ್ತಾರೆ. ಈ ಸಲ ಯಾರೂ ಆಡಿಕೊಳ್ಳಲಿಲ್ಲ.

ಸೋಮವಾರದ ಮೇಜನ್ನು ಸ್ವಲ್ಪ ಊಹಿಸಿಕೊಳ್ಳಿ. ಪದರದ ಮೇಲೆ ಪದರ ಹಾಸಿದ ಸೋಫಾ ಬಟ್ಟೆ, ಅದನ್ನು ಸೀಳುವ ಕರೆಂಟಿನ ಅಲಗು. ಅಲಗಿನ ಹಿಡಿ ನನ್ನ ಎಡಗೈಯಲ್ಲಿ. ಬಟ್ಟೆ ಜರುಗದಂತೆ ಒತ್ತಿ ಹಿಡಿಯುವುದು ಬಲಗೈ, ಅಲಗಿನ ಪಕ್ಕದಲ್ಲೇ. ಉಕ್ಕಿನ ಜಾಲರಿಯ ಗವಸು ಇದೆಯಲ್ಲ ಎನ್ನುತ್ತೀರಿ. ಇದೆ, ತೋರುಬೆರಳಿನ ಕಡೆ ಕೊಂಡಿಗಳು ಕಿತ್ತುಹೋಗಿವೆ. ಚಹಾದ ಪಾತ್ರೆಯನ್ನು ಬಿಟ್ಟ ಹೆಬ್ಬೆರಳು ಅಲಗನ್ನು ಬಿಡುವುದಿಲ್ಲವೆಂದು ನಿಮ್ಮ ಯಾವ ಅಂಕ ಹೇಳುತ್ತದೆ?

ಸೋಮವಾರಕ್ಕೆ ಮುಂಚೆ ಆ ಸಹಿಯನ್ನು ಹಿಂತೆಗೆದುಕೊಳ್ಳಿ. ಎಡಗೈಯ ಎಂ.ಆರ್.ಐ. ಮಾಡಿಸಿ, ಹೆಬ್ಬೆರಳ ಬುಡವನ್ನೂ ಬಿಡದೆ ಒಂದೊಂದು ಕೀಲಿಗೂ ಅಂಕ ಕೊಡಿ. ಇನ್ನು ಯಾರನ್ನೂ ಯಾವ ಕೈಯಲ್ಲಿ ಉಣ್ಣುತ್ತೀರಿ ಎಂದು ಕೇಳಬೇಡಿ. ಯಾವ ಕೈಯಲ್ಲಿ ದುಡಿಯುತ್ತೀರಿ ಎಂದು ಕೇಳಿ. ತಡಮಾಡಿದರೆ ನೀವು ಸೊನ್ನೆ ಕೊಟ್ಟ ಬಲಗೈಯ ಚಿತ್ರವನ್ನೇ ಮತ್ತೆ ತೆಗೆಯಬೇಕಾದೀತು. ಆಗ ಅಂಕ ಹಾಕಲು ಎಲ್ಲ ಬೆರಳೂ ಉಳಿದಿರುತ್ತವೆಂದು ನಾನು ಹೇಳಲಾರೆ.

ಇಂತಿ,
ಇಷ್ಟನ್ನೂ ಎಡಗೈಯಲ್ಲೇ, ತಡೆತಡೆದು ಬರೆದ
ರಹಮತ್ ಬೀ
ಗಿಲ್‌ರಾಯ್